ಭಾವ ಕೊಟ್ಟ ಟೈಮು

ನಮ್ಮ ಭಾವ ಒಳ್ಳೆಯ ದರ್ಜಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನೆಲ್ಲ ಕೇಳಿದ ಮೇಲೆ ಈ ಮಾತು ನೆನಪಿನಲ್ಲಿ ಉಳಿಯುವುದು ಕಷ್ಟ. ಅವರು ಹೊಲಿದ ಪ್ಯಾಂಟು ಹಾಕಿಕೊಂಡವರಿಗೆ ಹೊಟ್ಟೆ ಇದೆಯೆಂದೇ ಗೊತ್ತಾಗುವುದಿಲ್ಲ. ಬೆನ್ನು ಬಾಗಿದವರು ಅವರ ಕೋಟಿನೊಳಗೆ ನೆಟ್ಟಗೆ ನಿಲ್ಲುತ್ತಾರೆ. ಕೆಲಸದಲ್ಲಿ ಒಂದು ಎಳೆಯೂ ಸೊಟ್ಟಗಿಲ್ಲ, ಸೊಟ್ಟಗಿರುವುದೆಲ್ಲ ಬಾಯಲ್ಲಿ. ಬಟ್ಟೆ ಯಾವಾಗ ಸಿಗುತ್ತದೆ ಎಂದು ಗಿರಾಕಿ ಕೇಳಿದರೆ ಸಾಕು, ಭಾವನ ಬಾಯಿಂದ ಥಟ್ಟನೆ ಒಂದು ದಿನ ಹೊರಬೀಳುತ್ತದೆ. ಆ ದಿನಕ್ಕೂ ಬಟ್ಟೆಗೂ ಯಾವ ಸಂಬಂಧವೂ ಇರುವುದಿಲ್ಲ.

ಆ ದಿನ ಬಂದಾಗ ಗಿರಾಕಿಯ ಎದುರು ನಿಲ್ಲುವವಳು ನಾನು. ನಾನು ಅವರ ಹೆಂಡತಿಯ ತಂಗಿ. ಅಂಗಡಿಯ ಮೇಲಿನ ಮನೆಯಲ್ಲಿ ಅಕ್ಕ, ಭಾವನ ಜೊತೆಗೇ ಇದ್ದೇನೆ. ಕಾಜ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಚಿ ಕೈಹೊಲಿಗೆ ಹಾಕುವುದು ನನ್ನ ಕೆಲಸ, ಜೊತೆಗೆ ಸುಳ್ಳು ಹೇಳುವುದು. ಗಿರಾಕಿಯ ಹೆಜ್ಜೆ ಸದ್ದು ಕೇಳಿದ ಕೂಡಲೇ ಭಾವ ಪರದೆಯ ಹಿಂದೆ ಸರಿದು ಮಷೀನನ್ನು ಜೋರಾಗಿ ತುಳಿಯತೊಡಗುತ್ತಾರೆ. ನಾನು ಕೌಂಟರಿನಲ್ಲಿ ನಿಂತು, ಬಟ್ಟೆ ಇಸ್ತ್ರಿಗೆ ಹೋಗಿದೆ, ಒಂದೇ ಒಂದು ತೋಳು ಬಾಕಿ ಎಂದು ಒಂದಾದ ಮೇಲೊಂದು ಬಿಡುತ್ತೇನೆ. ಇಲ್ಲದ ನೆಂಟರಿಗೆ ಜ್ವರ ಬರಿಸಿದ್ದೇನೆ. ಕಾಲಲ್ಲಿ ತುಳಿಯುವ ಮಷೀನಿಗೆ ಕರೆಂಟು ಇರಲಿಲ್ಲ ಎಂದೂ ಹೇಳಿದ್ದೇನೆ. ಒಮ್ಮೆ ಅಕ್ಕನ ಕಾಲು ಮುರಿದಿದೆ ಎಂದು ಬಾಯಿ ಮುಚ್ಚುವಷ್ಟರಲ್ಲಿ ಅವಳೇ ದಡದಡ ಮೆಟ್ಟಿಲಿಳಿದು ಬಂದು ಗಿರಾಕಿಯನ್ನು ನೋಡಿ ನಕ್ಕಳು.

ನಿಜವಾದ ದಿನ ನಮಗೆ ಗೊತ್ತಿರುವುದಿಲ್ಲ ಎಂದಲ್ಲ. ಕಪಾಟಿನಲ್ಲಿರುವ ಬಟ್ಟೆಯ ಗಂಟುಗಳ ಮೇಲೆ ಒಮ್ಮೆ ಕಣ್ಣಾಡಿಸಿದರೆ ಯಾವುದು ಯಾವ ದಿನ ಮುಗಿಯುತ್ತದೆ ಎಂದು ನಾನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಅದನ್ನೇ ಗಿರಾಕಿಗೆ ಹೇಳಿಬಿಡೋಣ ಎಂದರೆ ಭಾವ ಒಪ್ಪುವುದಿಲ್ಲ. ಗಿರಾಕಿಯ ಮುಖ ಸಪ್ಪಗಾಗುತ್ತದಲ್ಲ ಎನ್ನುತ್ತಾರೆ. ಅವರ ವಾದ ಅಷ್ಟೇ. ವ್ಯಾಪಾರದ ದುರಾಸೆಯೂ ಅಲ್ಲ, ಮೋಸವೂ ಅಲ್ಲ, ಎದುರಿಗೆ ನಿಂತವರ ಮುಖ ಬಾಡುವುದನ್ನು ಆ ಮನುಷ್ಯನಿಂದ ನೋಡಲಾಗುವುದಿಲ್ಲ. ಮೂರು ವಾರ ಕಳೆದ ಮೇಲೆ ಅದೇ ಮುಖ ಕೆಂಪಗಾಗುವುದನ್ನು ಮಾತ್ರ ನಾನು ನೋಡಬೇಕು.

ಓಟದ ಕಥೆ ಶುರುವಾದದ್ದೂ ಹೀಗೆಯೇ. ಸದಾ ಕೂತು ಕೆಲಸ ಮಾಡುವವರಿಗೆ ಬರುವ ಕಾಯಿಲೆಗಳೆಲ್ಲ ಸಾಲಾಗಿ ಬರಲಿವೆ ಎಂದು ನಮ್ಮಲ್ಲೇ ಅಂಗಿ ಹೊಲಿಸುವ ಬೀದಿಯ ಡಾಕ್ಟರು ಭಾವನನ್ನು ಹೆದರಿಸಿದರು. ಇನ್ನು ಕೆಲವು ತಿಂಗಳಿಗೆ ಹತ್ತು ಕಿಲೋಮೀಟರಿನ ಓಟವೊಂದಿದೆ, ನಡೆಸುವವರಲ್ಲಿ ತಾವೂ ಒಬ್ಬರು, ಸೇರಿಕೊಳ್ಳಿ, ಮುಂದೊಂದು ಗುರಿ ಇದ್ದರೆ ಮೈ ಬಗ್ಗುತ್ತದೆ ಎಂದರು. ಭಾವ ಆಗಲಿ ಎಂದುಬಿಟ್ಟರು. ಅಲ್ಲಿಯವರೆಗೆ ಅವರು ಬಸ್ಸು ಹಿಡಿಯಲೂ ಓಡಿದವರಲ್ಲ. ಎಷ್ಟು ಹೊತ್ತಿನಲ್ಲಿ ಮುಗಿಸುತ್ತೀರಿ, ಅದನ್ನು ನೋಡಿ ಜನರನ್ನು ಹಿಂದೆ ಮುಂದೆ ನಿಲ್ಲಿಸುತ್ತೇವೆ ಎಂದು ಡಾಕ್ಟರು ಕೇಳಿದಾಗ, ಒಂದು ಗಂಟೆ ಎಂದರು. ಡಾಕ್ಟರು ಖುಷಿಯಲ್ಲಿ ಔಷಧಿ ಬರೆದುಕೊಡುವುದನ್ನೇ ಮರೆತರಂತೆ.

ಅಷ್ಟಕ್ಕೆ ನಿಂತಿದ್ದರೂ ಸಹಿಸಬಹುದಿತ್ತು. ಮರುದಿನ ಬೇಕರಿಯವನು ಕೇಳಿದ. ಭಾವ ಐವತ್ತೈದು ನಿಮಿಷ ಎಂದರು. ಬಟ್ಟೆ ತರಲು ಹೋದಲ್ಲಿ ಸಗಟು ಅಂಗಡಿಯವನಿಗೆ ಐವತ್ತು ಎಂದರು. ಕೇಳಿದವರ ಕಣ್ಣು ಎಷ್ಟು ಅರಳಿತೋ ಅಷ್ಟು ನಿಮಿಷ ಉದುರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಇಸ್ತ್ರಿಯವನಿಗೆ ನಲವತ್ತು ನಿಮಿಷ ಎಂದು ಮಾತು ಕೊಟ್ಟಾಗಿತ್ತು. ಇಸ್ತ್ರಿಯವನಿಗೆ ಆಟೋಟದ ಹುಚ್ಚು. ನಲವತ್ತು ನಿಮಿಷಕ್ಕೆ ಮುಗಿಸುವವರು ಕಪ್ ಗೆಲ್ಲುತ್ತಾರೆ, ನಿಮ್ಮ ಭಾವ ಇಷ್ಟು ದಿನ ಎಲ್ಲಿ ಅಡಗಿದ್ದರು ಎಂದು ಅವನು ನನ್ನನ್ನು ಕೇಳಿದ. ಪರದೆಯ ಹಿಂದೆ ಎಂದು ನಾನು ಹೇಳಲಿಲ್ಲ.

ಅದೇ ವಾರ ಗಣಿತದ ಮೇಡಂ ಬಂದರು. ಅವರು ನಮಗೆ ಕೋಟಿನ ಬಟ್ಟೆ ಕೊಟ್ಟಾಗ ಚಳಿಗಾಲ, ಈಗ ಫ್ಯಾನು ಹಾಕದೆ ಕೂರಲಾಗದ ಸೆಕೆ. ಆ ಬಟ್ಟೆ ಕಪಾಟಿನಲ್ಲಿ ಮಡಚಿದ ಮಡಿಕೆ ಬಿಚ್ಚದೆ ಹಾಗೇ ಕೂತಿತ್ತು. ನಾನು ಎಂದಿನಂತೆ, ಕಾಲರು ಕೂರಿಸುವುದೊಂದೇ ಬಾಕಿ ಎಂದೆ. ಮೇಡಂ ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ನನ್ನ ಕ್ಲಾಸಿನ ಮಕ್ಕಳು ನಿನಗಿಂತ ಚೆನ್ನಾಗಿ ಸುಳ್ಳು ಹೇಳುತ್ತಾರೆ ಎಂದು ಹೊರಟುಹೋದರು. ನನಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಸುಳ್ಳು ಹೇಳಿದ್ದಕ್ಕಲ್ಲ, ಅದು ಅಭ್ಯಾಸವಾಗಿತ್ತು. ಇಷ್ಟು ವರ್ಷ ಹೇಳಿಯೂ ಯಾರೊಬ್ಬರೂ ನಂಬುತ್ತಿರಲಿಲ್ಲವಲ್ಲ, ಅದಕ್ಕೆ.

ಆ ದಿನ ಸಂಜೆಯೇ ನಾನು ಎದುರಿನ ಔಷಧಿ ಅಂಗಡಿಗೆ ಹೋದೆ. ಅಲ್ಲಿನ ಯಜಮಾನರು ಕೌಂಟರಿಗೆ ಒಬ್ಬರು ಬೇಕು ಎಂದು ಬಹಳ ದಿನದಿಂದ ಹೇಳುತ್ತಿದ್ದರು. ಔಷಧಿ ಅಂಗಡಿಯಲ್ಲಿ ಮಾತ್ರೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮಾತ್ರೆಗೆ ತೋಳು ಬಾಕಿ ಇರುವುದಿಲ್ಲ. ಇಂಥ ಕೆಲಸವೂ ಲೋಕದಲ್ಲಿದೆಯಲ್ಲ ಎಂದು ನನಗೆ ಹಗುರವಾಯಿತು. ಯೋಚಿಸಿ ಹೇಳುತ್ತೇನೆ ಎಂದು ಬಂದೆ.

ಊಟದ ಹೊತ್ತಿಗೆ ವಿಷಯ ಹೇಳಿದೆ. ಅಕ್ಕ ಬಡಿಸುವ ಕೈ ನಿಲ್ಲಿಸಿ ಗಂಡನ ಮುಖ ನೋಡಿದಳು. ಬೇಡ ಎನ್ನಲೂ ಭಾವನಿಗೆ ಬಾಯಿ ಬರಲಿಲ್ಲ. ನಿನಗೆ ಇಷ್ಟ ಇದ್ದರೆ ಆಗಲಿ ಎಂದರು. ಅವರ ಸ್ವಂತ ಮುಖ ಎಷ್ಟು ಬಾಡಿತ್ತೆಂದರೆ ನನ್ನ ಸಿಟ್ಟು ಅರ್ಧ ಇಳಿದು ಇನ್ನರ್ಧ ಹೆಚ್ಚಾಯಿತು. ಈ ಮನುಷ್ಯ ನನಗೂ ಗಿರಾಕಿಗೆ ಹೇಳುವ ಹಾಗೆಯೇ ಹೇಳುತ್ತಿದ್ದಾರೆ ಅನ್ನಿಸಿತು.

"ಒಂದು ಮಾತು ಭಾವ," ಎಂದೆ. "ಈ ಓಟಕ್ಕೆ ನೀವೇ ಒಂದು ಟೈಮು ಹೇಳಿ. ನಿಜವಾದ ಟೈಮು. ಐದು ನಿಮಿಷ ಹಿಂದೆ ಮುಂದೆ ಆದ್ರೂ ಪರವಾಗಿಲ್ಲ, ಆ ಟೈಮಿಗೆ ಬನ್ನಿ. ಬಂದ್ರೆ ನಾನು ಎಲ್ಲಿಗೂ ಹೋಗಲ್ಲ. ತಡ ಆದ್ರೆ ಮಾರನೇ ದಿನದಿಂದ ಎದುರಂಗಡಿ."

ಬೇಗ ಬಂದರೆ ಎಂದು ಭಾವ ಕೇಳಿದರು. ಬೇಗ ಬಂದರೂ ಸುಳ್ಳು ಸುಳ್ಳೇ ಎಂದೆ. ನಿಮ್ಮಿಂದ ಅದೊಂದು ಭಯ ನನಗಿಲ್ಲ ಎಂದೂ ಸೇರಿಸಿದೆ. ಅಕ್ಕ ನಗು ತಡೆದುಕೊಳ್ಳಲು ನೀರು ಕುಡಿದಳು.

ಮರುದಿನ ಬೆಳಿಗ್ಗೆಯೇ ಭಾವ ಹೊಸ ಬೂಟು ಹಾಕಿಕೊಂಡು ಪಾರ್ಕಿಗೆ ಹೊರಟರು. ಪಾರ್ಕಿನ ಸುತ್ತಲ ದಾರಿ ಸರಿಯಾಗಿ ಒಂದು ಕಿಲೋಮೀಟರು. ನನ್ನ ಕೈಗೆ ಗಡಿಯಾರ ಕೊಟ್ಟು, ಬೆನ್ನಿಗೆ ಪೊಲೀಸರು ಬಿದ್ದವರ ಹಾಗೆ ಒಂದು ಸುತ್ತು ಓಡಿದರು. ಆರು ನಿಮಿಷ. ಆಮೇಲೆ ಬೆಂಚಿನ ಮೇಲೆ ಬಿದ್ದು, ಮಾತಾಡಲು ಬರುವಷ್ಟಾದ ಮೇಲೆ, ಆರು ಹತ್ತಲಿ ಅರವತ್ತು, ಒಂದು ಗಂಟೆ ಎಂದು ನಾನು ಮೊದಲೇ ಹೇಳಿರಲಿಲ್ಲವೇ ಎಂದು ಗೆದ್ದ ಮುಖದಲ್ಲಿ ನೋಡಿದರು. ಬೆಂಚಿನ ಮೇಲೆ ಮಲಗಿದ ಅರ್ಧ ಗಂಟೆಯನ್ನು ಯಾವ ಲೆಕ್ಕಕ್ಕೆ ಹಾಕುವುದು ಎಂದು ಕೇಳಿದೆ. ಅದು ಓಟದಲ್ಲಿ ಬರುವುದಿಲ್ಲ ಎಂದರು. ಎರಡು ವಾರ ಇದೇ ನಡೆಯಿತು. ನಾನು ಗಡಿಯಾರ ಹಿಡಿದು ನಿಂತರೆ ಅವರು ಗಾಳಿಯ ಹಾಗೆ ಹೋಗುವುದು, ಸುತ್ತು ಮುಗಿದ ಕೂಡಲೇ ಒಗೆದ ಬಟ್ಟೆಯ ಹಾಗೆ ಬೆಂಚಿನ ಮೇಲೆ ಬೀಳುವುದು.

ಒಂದು ದಿನ ಅಂಗಡಿಯಲ್ಲಿ ಅವರು ಒಬ್ಬ ದಢೂತಿ ಗಿರಾಕಿಯ ಅಳತೆ ತೆಗೆದುಕೊಳ್ಳುತ್ತಿದ್ದರು. ಅಳತೆ ಕೊಡಲು ಬಂದವರು ಯಾರೂ ತಮ್ಮ ನಿಜವಾದ ಹೊಟ್ಟೆಯನ್ನು ತೋರಿಸುವುದಿಲ್ಲ. ಟೇಪು ಸೊಂಟಕ್ಕೆ ತಾಗಿದ್ದೇ ತಡ, ಉಸಿರು ಒಳಗೆಳೆದುಕೊಂಡು ನಿಲ್ಲುತ್ತಾರೆ. ಭಾವ ಆಗ ಅಳೆಯುವುದಿಲ್ಲ. ಟೇಪು ಸಡಿಲ ಬಿಟ್ಟು, ಮಕ್ಕಳು ಹೇಗಿದ್ದಾರೆ, ಮನೆ ಬದಲಾಯಿಸಿದಿರಂತೆ ಎಂದು ಮಾತಿಗೆಳೆಯುತ್ತಾರೆ. ಮಾತಾಡಬೇಕಾದರೆ ಉಸಿರು ಬಿಡಲೇಬೇಕು. ಹೊಟ್ಟೆ ತನ್ನ ಜಾಗಕ್ಕೆ ಬಂದ ಗಳಿಗೆಯಲ್ಲಿ ಟೇಪು ಮೆಲ್ಲಗೆ ಬಿಗಿಯಾಗುತ್ತದೆ. ಇದನ್ನು ನಾನು ಸಾವಿರ ಸಲ ನೋಡಿದ್ದೆ. ಭಾವ ಪಾರ್ಕಿನಲ್ಲಿ ಎರಡು ವಾರದಿಂದ ಉಸಿರು ಎಳೆದುಕೊಂಡೇ ನಿಂತಿದ್ದಾರೆ ಎಂದು ನನಗೆ ಆಗ ಹೊಳೆಯಿತು.

ಅವರ ಉಪಾಯವನ್ನು ಅವರ ಮೇಲೆಯೇ ಹೂಡಿದೆ. ಇವತ್ತು ಗಡಿಯಾರ ತಂದಿಲ್ಲ, ಅಕ್ಕ ಸೈಕಲ್ಲಿನಲ್ಲಿ ಜೊತೆಗೆ ಬರುತ್ತಾಳೆ, ಸುಮ್ಮನೆ ಐದು ಸುತ್ತು ಹೋಗಿ ಬನ್ನಿ ಎಂದೆ. ಈಗಿನ ಗುಂಡಿಗಳ ವಿಷಯ ತೆಗೆ ಎಂದು ಅಕ್ಕನಿಗೆ ಹೇಳಿಕೊಟ್ಟಿದ್ದೆ. ಗುಂಡಿ ತಯಾರಿಸುವವರ ಮೇಲೆ ಭಾವನಿಗಿರುವ ಸಿಟ್ಟು ಐದು ಸುತ್ತಿಗೆ ಧಾರಾಳವಾಗಿ ಸಾಲುತ್ತದೆ. ನಾನು ಬೆಂಚಿನ ಮೇಲೆ ಯಾರದೋ ಅಂಗಿಗೆ ಕಾಜ ಹಾಕುತ್ತ ಕೂತೆ, ಗಡಿಯಾರ ಅಂಗಿಯ ಮಡಿಕೆಯೊಳಗಿತ್ತು. ಭಾವ ಪ್ರತಿ ಸುತ್ತಿನಲ್ಲೂ ಕೈ ಬೀಸಿಕೊಂಡು ವಾದ ಮಾಡುತ್ತ ನನ್ನ ಮುಂದೆ ಹಾದುಹೋದರು. ಐದು ಸುತ್ತಿಗೆ ನಲವತ್ತೈದು ನಿಮಿಷವಾಯಿತು. ಬೆಂಚಿನ ಮೇಲೆ ಬೀಳಲಿಲ್ಲ, ಮಾತೂ ಮುಗಿದಿರಲಿಲ್ಲ.

ಅದರ ಎರಡರಷ್ಟು ಒಂದೂವರೆ ಗಂಟೆ. ಕೊನೆಕೊನೆಗೆ ಕಾಲು ಭಾರವಾಗುವುದಕ್ಕೆ ಐದು ನಿಮಿಷ ಸೇರಿಸಿದೆ. ಒಂದು ಗಂಟೆ ಮೂವತ್ತೈದು ನಿಮಿಷ, ನಿಮ್ಮ ನಿಜವಾದ ಅಳತೆ ಇದು ಎಂದು ಮಡಿಕೆಯಿಂದ ಗಡಿಯಾರ ತೆಗೆದು ತೋರಿಸಿದೆ. ಭಾವನ ಮುಖ ನೋಡಬಾರದಿತ್ತು. ಒಂದು ಗಂಟೆ ಹತ್ತು ಮಾಡು ಎಂದರು. ಇಲ್ಲ ಎಂದೆ. ಇಪ್ಪತ್ತಕ್ಕಾದರೂ ಒಪ್ಪಿಕೋ ಎಂದರು. ತಮ್ಮದೇ ಕಾಲಿನ ವಿಷಯದಲ್ಲಿ ಹೀಗೆ ಚೌಕಾಸಿ ಮಾಡುವವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ನಗು ಬರಬೇಕಿತ್ತು, ಬರಲಿಲ್ಲ. ಹತ್ತು ಮಾಡಿಬಿಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಕಷ್ಟಪಟ್ಟು ನುಂಗಿಕೊಂಡೆ.

ಟೈಮು ಬದಲಾಯಿಸಲು ಭಾವ ಡಾಕ್ಟರ ಹತ್ತಿರ ಹೋಗಬೇಕಾಯಿತು. ಅದಕ್ಕೆ ಮೂರು ದಿನ ಧೈರ್ಯ ಕೂಡಿಸಿಕೊಂಡರು. ಹೋಗಿ ಬಂದವರು ಮಷೀನಿನ ಮುಂದೆ ಕೂತರು. ಏನಾಯಿತು ಎಂದು ಅಕ್ಕ ಕೇಳಿದಾಗ, ಡಾಕ್ಟರ ಮುಖಕ್ಕೆ ಏನೂ ಆಗಲಿಲ್ಲ ಎಂದು ಹೇಳಿದರು. ಮೊದಲ ಓಟಕ್ಕೆ ಅದೇ ಸರಿ ಎಂದರಂತೆ. ಈ ಸುದ್ದಿಯಿಂದ ಭಾವ ಚೇತರಿಸಿಕೊಳ್ಳಲು ಎರಡು ದಿನ ಬೇಕಾಯಿತು. ಹಾಗೆಂದು ಅಂಗಡಿಯಲ್ಲಿ ಏನೂ ಬದಲಾಗಲಿಲ್ಲ. ಅವರು ದಿನಗಳನ್ನು ಉದುರಿಸುತ್ತಿದ್ದರು, ನಾನು ಆಯುತ್ತಿದ್ದೆ.

ಓಟದ ದಿನ ಬೆಳಿಗ್ಗೆ ಭಾವ ಕನ್ನಡಕವನ್ನು ಅಕ್ಕನ ಕೈಗೆ ಕೊಟ್ಟರು. ಬೆವರಿಗೆ ಜಾರುತ್ತದಂತೆ. ಕನ್ನಡಕವಿಲ್ಲದೆ ಅವರಿಗೆ ಹತ್ತಿರದ ಸೂಜಿಯ ಕಣ್ಣೂ ಕಾಣುವುದಿಲ್ಲ, ದೂರದ ಆನೆಯೂ ಕಾಣುವುದಿಲ್ಲ. ನಿಧಾನದವರ ಗುಂಪಿನಲ್ಲಿ, ತಾವೇ ಹೊಲಿದ ಚಡ್ಡಿಯಲ್ಲಿ ನಿಂತಿದ್ದರು. ಅಲ್ಲಿದ್ದವರಲ್ಲೆಲ್ಲ ಅಚ್ಚುಕಟ್ಟಾದ ಚಡ್ಡಿ ಅದೊಂದೇ. ಅದೇ ಗುಂಪಿನಲ್ಲಿ ಸ್ವಲ್ಪ ಹಿಂದೆ ಗಣಿತದ ಮೇಡಂ ನಿಂತಿದ್ದನ್ನು ನಾನು ನೋಡಿದೆ. ಭಾವನಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ನಲವತ್ತು ನಿಮಿಷದಲ್ಲೇ ಮುಗಿಸಿಬಿಡುತ್ತಿದ್ದರೇನೋ.

ನಾನೂ ಅಕ್ಕನೂ ಓಟ ಮುಗಿಯುವ ಗೆರೆಯ ಪಕ್ಕದ ಹಗ್ಗ ಹಿಡಿದು ನಿಂತೆವು. ನಮ್ಮ ತಲೆಯ ಮೇಲೆ ಕಮಾನಿಗೆ ದೊಡ್ಡ ಗಡಿಯಾರ ಕಟ್ಟಿದ್ದರು. ಮೊದಲು ಬಂದವರು ಬಂದರು, ನಡುವಿನವರು ಬಂದರು, ಡಾಕ್ಟರು ಬಂದು ಬಾಳೆಹಣ್ಣು ತಿಂದು ಮನೆಗೂ ಹೋದರು. ಒಂದೂವರೆ ಗಂಟೆಯಾಯಿತು. ಮೂವತ್ತೈದಾಯಿತು. ಭಾವ ತಡವಾದರೆ ನನಗೆ ಔಷಧಿ ಅಂಗಡಿ, ನಾನು ಹಿಗ್ಗಬೇಕಿತ್ತು. ಆದರೆ ನಾನು ಹಗ್ಗದ ಮೇಲೆ ಅರ್ಧ ಬಾಗಿ, ಬನ್ನಿ ಭಾವ, ಬನ್ನಿ ಭಾವ ಎಂದು ಗೊಣಗುತ್ತಿದ್ದೆ. ಅಕ್ಕ ನನ್ನ ಕಡೆಗೊಮ್ಮೆ, ಗಡಿಯಾರದ ಕಡೆಗೊಮ್ಮೆ ನೋಡಿದಳು. ಒಂದು ನಲವತ್ತು ದಾಟಿತು. ಅಲ್ಲಿಗೆ ಮುಗಿಯಿತು.

ಭಾವ ಬಂದಾಗ ಒಂದು ಗಂಟೆ ನಲವತ್ತಾರು. ಗೆರೆ ದಾಟಿ, ನಮ್ಮ ದನಿ ಬಂದ ಕಡೆಗೆ ಕೈ ಚಾಚಿಕೊಂಡು ಬಂದು, ನೆಲದ ಮೇಲೆ ಕೂತುಬಿಟ್ಟರು. ಅಂಗಿ ಮೈಗೆ ಅಂಟಿತ್ತು. ಮುಖವೆತ್ತಿ ನನ್ನ ಕಡೆ ಕಣ್ಣು ಕಿರಿದು ಮಾಡಿ ನೋಡಿದರು.

"ಎಷ್ಟಾಯ್ತು?"

ತಡ ಆಯ್ತು ಎನ್ನಬೇಕಿತ್ತು. ಎರಡೇ ಪದ. ಇಷ್ಟು ತಿಂಗಳು ಅದಕ್ಕಾಗಿಯೇ ಅವರ ತಲೆ ತಿಂದಿದ್ದೆ. ಆ ಬೆವರಿದ ಮುಖ, ಕನ್ನಡಕವಿಲ್ಲದೆ ಬೋಳಾಗಿ ಕಾಣುವ ಮೂಗು, ಆಸೆಯಿಂದ ಅರ್ಧ ತೆರೆದ ಬಾಯಿ, ಎಲ್ಲವನ್ನೂ ನೋಡಿದೆ. ನನ್ನ ಬಾಯಿ ನನ್ನನ್ನು ಕೇಳದೆಯೇ ಮಾತಾಡಿತು.

"ಸರಿಯಾಗಿ ಬಂದ್ರಿ ಭಾವ. ಹೇಳಿದ ಟೈಮಿಗೇ."

ತಲೆಯ ಮೇಲೆ ಅಷ್ಟು ದೊಡ್ಡ ಗಡಿಯಾರ ಇಟ್ಟುಕೊಂಡು ಹೀಗೆ ಹೇಳಿದೆ. ಅಕ್ಕ ಕೈಯಲ್ಲಿದ್ದ ಕನ್ನಡಕವನ್ನು ಮೆಲ್ಲಗೆ ಚೀಲದೊಳಗೆ ಹಾಕಿಕೊಂಡಳು. ಭಾವನ ಮುಖ ಹೇಗೆ ಅರಳಿತೆಂದರೆ, ಇದಕ್ಕಾಗಿ ಈ ಮನುಷ್ಯ ಜೀವಮಾನವೆಲ್ಲ ಸುಳ್ಳು ಹೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ ಅನ್ನಿಸಿತು. ಎದುರಂಗಡಿಯ ಕೆಲಸ ಕೈತಪ್ಪಿತು ಎಂಬುದು ಆಮೇಲೆ ನೆನಪಾಯಿತು.

ಅಷ್ಟರಲ್ಲಿ ಗಣಿತದ ಮೇಡಂ ಗೆರೆ ದಾಟಿ ನೆಟ್ಟಗೆ ನನ್ನ ಹತ್ತಿರವೇ ಬಂದರು. ಓಡಿದ್ದಕ್ಕಿಂತ ಸಿಟ್ಟಿಗೇ ಹೆಚ್ಚು ಏದುಸಿರು ಬಿಡುತ್ತಿದ್ದರು. ನೀರು ಕೊಡುವ ಮೇಜಿನ ಹತ್ತಿರ ಭಾವ ಸಿಕ್ಕರಂತೆ. ನನ್ನ ಕೋಟು ಯಾವಾಗ ಎಂದು ಕೇಳಿದರಂತೆ. ಭಾವ ನಿಂತು, ಎರಡು ಸಲ ಬಾಯಿ ತೆರೆದು ಮುಚ್ಚಿ, ಆಮೇಲೆ, ಇನ್ನೂ ಕತ್ತರಿಯನ್ನೇ ಹಾಕಿಲ್ಲ ಮೇಡಂ, ಮುಂದಿನ ತಿಂಗಳ ಕೊನೆಗೆ ನೋಡೋಣ ಎಂದರಂತೆ. ಇಷ್ಟು ದಿನ ಒಂದು ಕಾಲರು ಬಾಕಿ ಎಂದು ಸುಳ್ಳು ಹೇಳಿದ್ದಕ್ಕೆ ತಾವು ಅಲ್ಲೇ ದಾರಿಯ ನಡುವೆ ನಿಲ್ಲಿಸಿಕೊಂಡು ಹತ್ತು ನಿಮಿಷ ಬಿಡದೆ ಬೈದದ್ದಾಗಿ ಮೇಡಂ ಹೇಳಿದರು. ಅದರಿಂದ ಅವರ ಟೈಮೂ ಕೆಟ್ಟಿತ್ತು, ಅದಕ್ಕೂ ನಾವೇ ಕಾರಣ ಎಂದರು.

ಭಾವ ಒಬ್ಬ ಗಿರಾಕಿಯ ಮುಖದೆದುರೇ ನಿಜ ಹೇಳಿದ್ದರು. ಓಟ ಸರಿಯಾಗಿ ನಡೆಯುತ್ತಿದ್ದಾಗ, ಹೇಳಿದ ಟೈಮು ಕೈಗೆ ಸಿಗುತ್ತಿದ್ದಾಗ ನಿಂತು ಹೇಳಿದ್ದರು. ಬೈಸಿಕೊಂಡೂ ನಿಂತಿದ್ದರು.

"ಹತ್ತು ನಿಮಿಷ ನಿಂತಿದ್ದು ನಿಜ," ಎಂದರು ಭಾವ ಕೆಳಗಿನಿಂದ. "ಹಾಗಾದ್ರೆ ಹೇಳಿದ ಟೈಮಿಗೆ ಹೇಗೆ ಬಂದೆ?"

ಇಲ್ಲದ ನೆಂಟರಿಗೆ ಜ್ವರ ಬರಿಸಿದವಳಿಗೆ ಒಂದು ನೆಪವೂ ಹೊಳೆಯಲಿಲ್ಲ. ಸುಮ್ಮನೆ ಅವರ ಬೂಟಿನ ದಾರ ನೋಡುತ್ತ ನಿಂತೆ. ಭಾವ, ಹಂಗಿಸುವ ದನಿಯಲ್ಲಲ್ಲ, ಮೆಲ್ಲಗೆ ಹೇಳಿದರು.

"ನಿಜ ಹೇಳೋಕೆ ನಿನಗೂ ಬಾಯಿ ಬರಲಿಲ್ಲ ಅಲ್ವಾ. ಹೋಗಲಿ ಬಿಡು. ಮಾತು ಅಂದ್ರೆ ಮಾತು, ನಾಳೆಯಿಂದ ನೀನು ಅಲ್ಲಿಗೆ ಹೋಗು."

ನಿಮ್ಮ ಮನೆಯ ವಿಷಯ ಮನೆಯಲ್ಲಿ ಇಟ್ಟುಕೊಳ್ಳಿ ಎಂದು ಮೇಡಂ ನಡುವೆ ಬಂದರು. ಮುಂದಿನ ತಿಂಗಳ ಕೊನೆ ಎನ್ನುವುದಾದರೂ ನಿಜವೋ, ಅದೂ ಕಾಲರೋ, ನೀನು ಹೇಳು ಎಂದು ನನ್ನ ಮುಂದೆ ಕೈ ಕಟ್ಟಿ ನಿಂತರು. ನಾನು ಕಣ್ಣು ಮುಚ್ಚಿ ಕಪಾಟನ್ನು ನೆನಪಿಸಿಕೊಂಡೆ. ಒಂದೊಂದೇ ಗಂಟನ್ನು ಎಣಿಸಿಕೊಂಡೆ, ಡಾಕ್ಟರ ಅಂಗಿಗಳನ್ನೂ ಸೇರಿಸಿ.

"ಮುಂದಿನ ತಿಂಗಳ ಕೊನೆಗೂ ಆಗಲ್ಲ ಮೇಡಂ. ಅದರ ಮುಂದಿನ ತಿಂಗಳು ಹದಿನೈದಕ್ಕೆ. ಕಾಜ, ಗುಂಡಿ ಎಲ್ಲ ನಾನೇ ಹಾಕಬೇಕು, ನನ್ನ ಕೈಲಿ ಅದಕ್ಕಿಂತ ಬೇಗ ಆಗಲ್ಲ."

ಮೇಡಂ ಮುಖ ಸಪ್ಪಗಾಯಿತು. ಅದು ಸಪ್ಪಗಾಗುವುದನ್ನು ನಾನು ಪೂರ್ತಿ ನೋಡಿದೆ, ಬೇರೆ ಕಡೆ ತಿರುಗಲಿಲ್ಲ. ಅಕ್ಕ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೇಡಂ ಬೆರಳು ಮಡಚಿ ಲೆಕ್ಕ ಹಾಕಿ, ಅಷ್ಟು ಹೊತ್ತಿಗೆ ಹೇಗೂ ಚಳಿ ಶುರುವಾಗಿರುತ್ತದೆ, ಹದಿನೈದು ಎಂದರೆ ಹದಿನೈದು ಎಂದು ಹೊರಡಲು ತಿರುಗಿದರು.

ನೆಲದ ಮೇಲೆ ಕೂತಿದ್ದ ಭಾವ ನನ್ನ ಸೆರಗಿನ ತುದಿ ಹಿಡಿದು ಎಳೆದರು.

"ಇನ್ನೊಂದು ವಾರ ಸೇರಿಸಿ ಹೇಳು," ಎಂದರು.